ಓಕುಳಿಯ ಕೆಂಪು, ಗೋಬಿಯ ಕೆಂಪು



ತಾಯಿಯ ನೆನಪಿಗೆಂದು ಕುಟುಂಬವೊಂದು ಇಟ್ಟಿರುವ ಈ ಉಪನ್ಯಾಸ ದತ್ತಿಯ ಕರಾರಿನಲ್ಲಿ ಒಂದು ಸಾಲಿದೆ. ಅದನ್ನು ನಾನು ಎರಡು ಮೂರು ಸಲ ಓದಿಕೊಂಡೆ. ಉಪನ್ಯಾಸ ವಿಜ್ಞಾನದ್ದಾಗಿರಬೇಕು, ಆದರೆ ಶಾಲೆಯ ಮುಖ ಕಾಣದ ನಮ್ಮಮ್ಮ ಕೂತು ಕೇಳಿದ್ದರೆ ಅವರಿಗೂ ತಿಳಿಯುವಂತಿರಬೇಕು ಎಂದು ಮಕ್ಕಳು ಬರೆಸಿದ್ದಾರೆ. 31 ವರ್ಷ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು ನಾನು. ಆ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆಂದೇ ಭಾವಿಸಿ ಮಾತಾಡುತ್ತೇನೆ. ನಾನು ಹೇಳಲಿರುವುದರಲ್ಲಿ ಅರ್ಧದಷ್ಟನ್ನು ಅವರ ಕೈ ಆಗಲೇ ಮಾಡಿ ನೋಡಿರುತ್ತದೆ.

ಓಕುಳಿಯಿಂದ ಶುರು ಮಾಡೋಣ. ಬಾಣಂತಿ ಮಗುವನ್ನೆತ್ತಿಕೊಂಡು ಬಂದಾಗ, ಮದುಮಕ್ಕಳು ಹೊಸ್ತಿಲಲ್ಲಿ ನಿಂತಾಗ ಆರತಿಯ ತಟ್ಟೆಗೆ ಓಕುಳಿ ಬೇಕು. ನೀರಿಗೆ ಒಂದು ಚಿಟಿಕೆ ಅರಿಶಿನ ಹಾಕಿದರೆ ಹಳದಿ. ಅದಕ್ಕೆ ಎಲೆಯಡಿಕೆ ಡಬ್ಬಿಯ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಕದಡಿದರೆ ಸಾಕು, ಕಣ್ಣೆದುರಿಗೇ ನೀರು ಕೆಂಪಾಗುತ್ತದೆ. ನನಗೆ ಏಳು ವರ್ಷವಿದ್ದಾಗ ಅಜ್ಜಿ ಈ ಸುಣ್ಣ ಕದಡುವ ಕೆಲಸವನ್ನು ನನಗೆ ಕೊಟ್ಟಿದ್ದಳು.

“ಕುಂಕುಮ ಹಾಕಿದೆಯಾ ಅಜ್ಜಿ?” ಎಂದೆ.

“ಇಲ್ಲ ಕಣೇ. ಅರಿಶಿನಕ್ಕೆ ಸುಣ್ಣ ಮುಟ್ಟಿದರೆ ಹಾಗೇ.”

ಇನ್ನೊಂದು ಮಾತನ್ನೂ ಅವಳು ಹೇಳಿದ್ದಳು: ಓಕುಳಿಯನ್ನು ಮುಂಚೆಯೇ ಕಲಸಿಡಬಾರದು, ಆರತಿಯ ಹೊತ್ತಿಗೆ ಬಣ್ಣ ಸತ್ತಿರುತ್ತದೆ. ಆ ಮಾತಿನ ಅರ್ಥ ನನಗೆ ತಿಳಿದದ್ದು ಎಂ.ಎಸ್ಸಿ. ಮುಗಿದ ಮೇಲೆ.

ಅರಿಶಿನದ ಹಳದಿಗೆ ಕಾರಣವಾದ ಮುಖ್ಯ ವಸ್ತು ಕರ್ಕ್ಯುಮಿನ್. 1815ರಲ್ಲಿ ವೋಗೆಲ್ ಮತ್ತು ಪೆಲ್ಲೆಟಿಯರ್ ಎಂಬಿಬ್ಬರು ಅದನ್ನು ಅರಿಶಿನದಿಂದ ಬೇರ್ಪಡಿಸಿದರು. ಅದರ ರಚನೆ ಗೊತ್ತಾಗಲು ಮತ್ತೆ 95 ವರ್ಷ ಬೇಕಾಯಿತು. ಎರಡು ತುದಿಯಲ್ಲಿ ಒಂದೊಂದು ಬೆಂಜೀನ್ ಉಂಗುರ, ನಡುವೆ ಏಳು ಇಂಗಾಲಗಳ ಸರಪಳಿ. ಎರಡು ಮಕ್ಕಳು ಹಗ್ಗದ ಎರಡು ತುದಿ ಹಿಡಿದು ನಿಂತಿರುವುದನ್ನು ಕಲ್ಪಿಸಿಕೊಳ್ಳಿ. ಆ ಹಗ್ಗದ ಉದ್ದಕ್ಕೂ ಎಲೆಕ್ಟ್ರಾನುಗಳು ಒಂದೇ ಕಡೆ ನಿಲ್ಲದೆ ಓಡಾಡುತ್ತಿರುತ್ತವೆ. ಅವು ಬೆಳಕಿನಲ್ಲಿರುವ ನೇರಳೆ ಮತ್ತು ನೀಲಿಯ ಭಾಗವನ್ನು ಹೀರಿಕೊಳ್ಳುವುದರಿಂದ ಉಳಿದದ್ದು ನಮ್ಮ ಕಣ್ಣಿಗೆ ಹಳದಿಯಾಗಿ ಬರುತ್ತದೆ. ಸುಣ್ಣ ಪ್ರಬಲ ಪ್ರತ್ಯಾಮ್ಲ. ಅದು ಕರ್ಕ್ಯುಮಿನ್ನಿನ ತುದಿಯಲ್ಲಿರುವ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಆಗ ಎಲೆಕ್ಟ್ರಾನುಗಳ ಓಡಾಟ ಇನ್ನಷ್ಟು ಸಡಿಲಗೊಂಡು, ಹೀರಿಕೊಳ್ಳುವ ಬೆಳಕು ನೀಲಿಯಿಂದ ಹಸಿರಿನ ಕಡೆಗೆ ಸರಿಯುತ್ತದೆ. ಕಣ್ಣಿಗೆ ಉಳಿಯುವುದು ಕೆಂಪು. ಇಲ್ಲಿ ಹೊಸ ಬಣ್ಣವನ್ನು ಯಾರೂ ತಂದು ಸುರಿದಿಲ್ಲ. ಇದ್ದ ಅಣುವೇ ತಾನು ಎಂಥ ನೀರಿನಲ್ಲಿದ್ದೇನೆಂದು ಹೇಳುತ್ತಿದೆ.

ಇದೇ ಕ್ರಿಯೆಯನ್ನು ಬಟ್ಟೆ ಒಗೆಯುವವರೆಲ್ಲ ನೋಡಿದ್ದಾರೆ. ಬಿಳಿ ಅಂಗಿಗೆ ಹುಳಿ ಚೆಲ್ಲಿದ ಹಳದಿ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ಕೆಂಪಾಗುತ್ತದೆ. ಕಲೆ ಇನ್ನೂ ಕೆಟ್ಟಿತೆಂದು ಗಾಬರಿಯಾಗುವುದುಂಟು. ಸೋಪಿನ ಕ್ಷಾರ ಹೋಗುವಂತೆ ಜಾಲಿಸಿದರೆ, ಇಲ್ಲವೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆ ಹಳದಿಯೂ ಹೋಗಬೇಕಾದರೆ ಬಿಸಿಲಿಗೆ ಹಾಕಬೇಕು. ಕರ್ಕ್ಯುಮಿನ್ ಬೆಳಕಿಗೆ ತಡೆಯುವುದಿಲ್ಲ, ಒಡೆದುಹೋಗುತ್ತದೆ. ಒಡೆದ ಚೂರುಗಳಲ್ಲಿ ಒಂದು ವೆನಿಲಿನ್, ಐಸ್‌ಕ್ರೀಮಿನ ವೆನಿಲಾ ಪರಿಮಳ ಕೊಡುವ ಅದೇ ಅಣು. ಅಗಸರ ಕಟ್ಟೆಯ ಬಿಸಿಲಿನಲ್ಲಿ ಇದು ನಡೆಯುತ್ತಿದೆ ಎಂದು ತಿಳಿದ ದಿನ ನನಗಾದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ. ಸುಣ್ಣದ ನೀರಿನಲ್ಲೂ ಕರ್ಕ್ಯುಮಿನ್ ಹೀಗೆಯೇ ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಓಕುಳಿಯ ಬಣ್ಣ ಸಾಯುತ್ತದೆ ಎಂದು ಅಜ್ಜಿ ಹೇಳಿದ್ದು ಇದನ್ನೇ.

ಕುಂಕುಮದ ಕಥೆ ಇನ್ನೂ ಸೊಗಸಾಗಿದೆ. ಅರಿಶಿನದ ಕೊಂಬಿನ ಚೂರುಗಳನ್ನು ಬಿಳಿಗಾರ ಬೆರೆಸಿದ ನಿಂಬೆರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಕುಟ್ಟುವುದು ಹಳೆಯ ಕ್ರಮ. ನಿಂಬೆರಸ ಹುಳಿ. ಹುಳಿಯಲ್ಲಿ ಅರಿಶಿನ ಹಳದಿಯಾಗಿಯೇ ಇರಬೇಕು, ಆದರೂ ಕೆಂಪಾಗುತ್ತದೆ. ಏಕೆಂದರೆ ಬಿಳಿಗಾರದಲ್ಲಿ ಬೋರಾನ್ ಇದೆ. ಹುಳಿಯಿದ್ದಾಗ ಬೋರಾನ್ ಕರ್ಕ್ಯುಮಿನ್ ಅಣುವನ್ನು ಹಿಡಿದುಕೊಂಡು ಓಕುಳಿಗಿಂತ ಗಟ್ಟಿಯಾದ ಕೆಂಪನ್ನು ಕಟ್ಟುತ್ತದೆ. ಒಂದು ಕೆಂಪಿಗೆ ಸುಣ್ಣ, ಇನ್ನೊಂದು ಕೆಂಪಿಗೆ ಹುಳಿ ಮತ್ತು ಬಿಳಿಗಾರ. ನೀರಿನಲ್ಲಿ ಆ ಕ್ಷಣಕ್ಕೆ ಬೇಕಾದದ್ದು ಯಾವುದು, ಹಣೆಯ ಮೇಲೆ ನಿಲ್ಲಬೇಕಾದದ್ದು ಯಾವುದು ಎಂದು ಬಲ್ಲವರು ಇದನ್ನು ಕಂಡುಕೊಂಡಿದ್ದರು. ಪ್ರಯೋಗಾಲಯದಲ್ಲಿ ಅರಿಶಿನದ ಕಾಗದದಿಂದ ಬೋರಿಕ್ ಆಮ್ಲವನ್ನು ಪತ್ತೆ ಹಚ್ಚುವಾಗ ನಾವು ಮಾಡುವುದೂ ಈ ಕೆಲಸವನ್ನೇ.

ನನ್ನ ಇವತ್ತಿನ ಮಾತು ಇಷ್ಟು: ನಮ್ಮ ಅಡುಗೆಮನೆಯಲ್ಲಿ ಬಣ್ಣವೆಂಬುದು ಅಲಂಕಾರವಾಗಿರಲಿಲ್ಲ, ಸಾಕ್ಷಿಯಾಗಿತ್ತು. ಏನು ಬೆಂದಿದೆ, ಏನು ಹಳತಾಗಿದೆ, ಯಾವುದಕ್ಕೆ ಹುಳಿ ತಾಗಿದೆ ಎಂಬುದನ್ನು ಬಣ್ಣ ಬದಲಾಗುತ್ತಾ ಹೇಳುತ್ತಿತ್ತು. ಕಳೆದ ಕೆಲವು ದಶಕಗಳಲ್ಲಿ ನಮ್ಮ ತಟ್ಟೆಗೆ ಬಂದಿರುವುದು ಬದಲಾಗದ ಬಣ್ಣ. ಅದು ಏನನ್ನೂ ಹೇಳುವುದಿಲ್ಲ, ಹೇಳಬೇಕಾದದ್ದನ್ನು ಮುಚ್ಚುತ್ತದೆ. ಇದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ.

ಸೊಪ್ಪಿನ ಹಸಿರನ್ನೇ ನೋಡಿ. ಪತ್ರಹರಿತ್ತಿನ ಅಣುವಿನ ನಡುವೆ ಒಂದು ಮೆಗ್ನೀಸಿಯಮ್ ಕೂತಿದೆ. ಸಸ್ಯವರ್ಣಗಳ ಕುರಿತ ಕೆಲಸಕ್ಕೆ ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಅವರಿಗೆ 1915ರಲ್ಲಿ ನೊಬೆಲ್ ಬಂತು. ಹುಣಸೆಯ ಹುಳಿ ತಾಗಿದರೆ ಮೆಗ್ನೀಸಿಯಮ್ ಹೊರಬಿದ್ದು ಆ ಜಾಗಕ್ಕೆ ಹೈಡ್ರೋಜನ್ ಬರುತ್ತದೆ, ಹಸಿರು ಮಾಸಿ ಮಂಕಾಗುತ್ತದೆ. ಬೇಳೆಗೂ ಹುಳಿ ಮೊದಲೇ ಬಿದ್ದರೆ ಅದು ಮೆತ್ತಗಾಗುವುದಿಲ್ಲ. ಅದಕ್ಕೇ ಹುಣಸೆ ರಸ ಕೊನೆಗೆ. ಹಸಿರು ಉಳಿಯಲೆಂದು ಸೋಡಾ ಹಾಕುವವರಿದ್ದಾರೆ. ಬಣ್ಣ ಉಳಿಯುತ್ತದೆ, ಸಿ ಜೀವಸತ್ವ ಹೋಗುತ್ತದೆ. ಕಣ್ಣಿಗೆ ಹಸಿರು ಕೊಟ್ಟು ಮೈಗೆ ಬೇಕಾದದ್ದನ್ನು ಕಳೆಯುವ ಆ ಚಿಟಿಕೆ ಸೋಡಾ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಇನ್ನು ನಮ್ಮ ಮಾತಿನಲ್ಲಿರುವ ಒಂದು ವಿಶೇಷ. ಈರುಳ್ಳಿಯನ್ನು “ಕೆಂಪಗೆ ಹುರಿ” ಎನ್ನುತ್ತೇವೆ. ದೋಸೆ “ಕೆಂಪಗೆ” ಬಂದಿದೆ, ರವೆ “ಕೆಂಪಗಾಯಿತು”. ನೋಡಿದರೆ ಯಾವುದೂ ಕುಂಕುಮದ ಕೆಂಪಲ್ಲ. ಕಂದು ಎಂಬ ಪದ ನಮ್ಮಲ್ಲಿದೆ, ಆದರೆ ಒಲೆಯ ಮುಂದೆ ನಿಂತವರು ಅದನ್ನು ಬಳಸುವುದಿಲ್ಲ. ಬಾಡಿದ್ದಕ್ಕೆ, ಕಳೆಗುಂದಿದ್ದಕ್ಕೆ ಕಂದಿತು ಎನ್ನುವ ನಾಲಿಗೆಗೆ ಹದವಾಗಿ ಹುರಿದದ್ದನ್ನು ಹಾಗೆ ಕರೆಯಲು ಮನಸ್ಸು ಬಂದಿರಲಾರದು ಎಂಬುದು ನನ್ನ ಊಹೆ.

ಈ ಕೆಂಪಿಗೆ ಕಾರಣ ಹೇಳಿದವರು ಫ್ರಾನ್ಸಿನ ವೈದ್ಯ, ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್. 1912ರಲ್ಲಿ ಅವರು ಸಕ್ಕರೆಯನ್ನೂ ಅಮೈನೋ ಆಮ್ಲವನ್ನೂ ಕೂಡಿಸಿ ಕಾಯಿಸಿದಾಗ ಮಿಶ್ರಣ ಕಂದಾಗುವುದನ್ನು ಪ್ರಕಟಿಸಿದರು. ಅವರಿಗೆ ಬೇಕಾಗಿದ್ದದ್ದು ಅಡುಗೆಯಲ್ಲ, ಜೀವಕೋಶದಲ್ಲಿ ಪ್ರೋಟೀನ್ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು. ಈ ಕ್ರಿಯೆ ಹಂತಹಂತವಾಗಿ ಹೇಗೆ ಸಾಗುತ್ತದೆಂಬ ನಕ್ಷೆಯನ್ನು 1953ರಲ್ಲಿ ಅಮೆರಿಕದ ಜಾನ್ ಹಾಡ್ಜ್ ಕೊಟ್ಟರು. ಕಾಫಿ ಬೀಜದ ಘಮ, ಹುರಿದ ಕಡಲೆಬೀಜದ ಘಮ, ಕಾವಲಿಯ ಮೇಲೆ ದೋಸೆ ಏಳುವಾಗಿನ ಘಮ, ಎಲ್ಲದರ ಹಿಂದೆಯೂ ಇದರ ಕೈಯಿದೆ. ಹಿಟ್ಟು ರಾತ್ರಿಯೆಲ್ಲ ಹುದುಗುವಾಗ ಬ್ಯಾಕ್ಟೀರಿಯಾಗಳು ಅಕ್ಕಿ ಮತ್ತು ಉದ್ದಿನಿಂದ ಸಣ್ಣ ಸಕ್ಕರೆಗಳನ್ನೂ ಅಮೈನೋ ಆಮ್ಲಗಳನ್ನೂ ಬಿಡಿಸಿಡುತ್ತವೆ. ಬೆಳಿಗ್ಗೆ ಕಾವಲಿ ಕಾದಾಗ ಅವೆರಡೂ ಸೇರುತ್ತವೆ. ಇಡ್ಲಿಗೂ ಹೆಚ್ಚುಕಡಿಮೆ ಅದೇ ಹಿಟ್ಟು, ಆದರೆ ಅದು ಬೆಳ್ಳಗೇ ಉಳಿಯುತ್ತದೆ. ಹಬೆ 100 ಡಿಗ್ರಿ ದಾಟುವುದಿಲ್ಲ, ಈ ಕ್ರಿಯೆ ಚುರುಕಾಗಲು 140ರ ಆಸುಪಾಸು ಶಾಖ ಬೇಕು. ದೋಸೆಯ ಮೇಲಿನ ಕೆಂಪು ಕಾವಲಿಯ ಶಾಖವನ್ನು ಬರೆದಿಟ್ಟ ಲೆಕ್ಕ. ನೀರು ಚಿಮುಕಿಸಿ, ಅದು ಚುಂಯ್ ಎಂದು ಓಡುವುದನ್ನು ನೋಡಿ ಹಿಟ್ಟು ಹುಯ್ಯುವ ಕೈಗೆ ಥರ್ಮಾಮೀಟರ್ ಬೇಕಾಗಲಿಲ್ಲ.

ಆ ಕೆಂಪು ಕಪ್ಪಾಗುವ ಮೊದಲು ಕೈ ತಡೆಯಬೇಕು. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆಲೂಗಡ್ಡೆಯಂಥ ಪಿಷ್ಟದ ಪದಾರ್ಥಗಳನ್ನು ಅತಿಯಾಗಿ ಕರಿದಾಗ, ಹುರಿದಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆಂದು ತೋರಿಸಿದರು. ಅದು ಹುಟ್ಟುವುದೂ ಇದೇ ಕ್ರಿಯೆಯ ದಾರಿಯಲ್ಲಿ. “ಕೆಂಪಗಾದರೆ ಸಾಕು, ಸೀಯಿಸಬೇಡ” ಎಂಬ ಮಾತನ್ನು ಇನ್ನು ಮೇಲೆ ಗೌರವದಿಂದ ಕೇಳಿ.

ಈಗ ಮೆಣಸಿನಕಾಯಿಗೆ ಬರುತ್ತೇನೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋದವರಿಗೆ ಗೊತ್ತು, ಕಣ್ಣು ಹಾಯುವವರೆಗೂ ಕೆಂಪು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಹೆಸರುವಾಸಿಯಾಗಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಕೊಡುವುದು ಕ್ಯಾಪ್ಸೈಸಿನ್, ಅದು ಹೆಚ್ಚಾಗಿ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿರುತ್ತದೆ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್, ಅದು ಹಣ್ಣಿನ ಗೋಡೆಯಲ್ಲಿರುತ್ತದೆ. ಬ್ಯಾಡಗಿಯಲ್ಲಿ ಮೊದಲನೆಯದು ಕಡಿಮೆ, ಎರಡನೆಯದು ಧಾರಾಳ. ಈ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಎಣ್ಣೆಗಾಯಿಯ ಮೇಲೆ ತೇಲುವ ಕೆಂಪೆಣ್ಣೆ ಅದೇ. ಉತ್ತರ ಕರ್ನಾಟಕದಲ್ಲಿ ಹಣ್ಣು ಮೆಣಸಿನಕಾಯಿ ಕುಟ್ಟಿ ಮಾಡುವ ಕೆಂಪು ಚಟ್ನಿಗೆ ರಂಜಕ ಎನ್ನುತ್ತಾರೆ. ಬಣ್ಣ ಕೊಡುವುದು ಎಂಬುದೇ ಆ ಪದದ ಅರ್ಥ. ಖಾರದ ಚಟ್ನಿಗೆ ಬಣ್ಣದ ಹೆಸರಿಟ್ಟ ನಾಲಿಗೆ ಯಾವುದಕ್ಕೆ ಬೆಲೆ ಕೊಟ್ಟಿತ್ತೆಂದು ಯೋಚಿಸಿ.

ಕ್ಯಾಪ್ಸಾಂಥಿನ್‌ಗೂ ಬೆಳಕು ಮತ್ತು ಗಾಳಿ ಆಗದು. ಪುಡಿ ಮಾಡಿಟ್ಟ ಖಾರ ತಿಂಗಳುಗಳು ಕಳೆದಂತೆ ಪೇಲವವಾಗುತ್ತದೆ. ಬ್ಯಾಡಗಿಯ ಸುತ್ತ ಶೈತ್ಯಾಗಾರಗಳು ಎದ್ದಿರುವುದು ಆ ಕೆಂಪನ್ನು ಕಾಯುವುದಕ್ಕೇ. ಗೃಹಿಣಿ ಡಬ್ಬಿ ತೆರೆದು “ಖಾರದ ಪುಡಿ ಹಳೇದಾಯ್ತು” ಎನ್ನುವುದು ಈ ಅಣು ಕೊಟ್ಟ ಸಾಕ್ಷಿಯ ಮೇಲೆ.

ಹಳೆಯದೆಲ್ಲ ಒಳ್ಳೆಯದು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ತಾಂಬೂಲದ ಕೆಂಪು ಎಷ್ಟು ಹಾಡುಗಳಲ್ಲಿ, ಎಷ್ಟು ಶೃಂಗಾರದ ಮಾತುಗಳಲ್ಲಿ ಬಂದಿದೆ! ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್‌ಗಳು ಸುಣ್ಣದ ಕ್ಷಾರದಲ್ಲಿ ಗಾಳಿಯೊಂದಿಗೆ ಕೂಡಿ ಆ ಕೆಂಪು ಹುಟ್ಟುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಮಲೆನಾಡಿನ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದ ಬರುತ್ತಿರುವಾಗ ಈ ಮಾತು ನೋವಿನದು, ಆದರೂ ಹೇಳಲೇಬೇಕಾದದ್ದು. ಯಕ್ಷಗಾನದ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಗಂಟೆಗಟ್ಟಲೆ ಇಡುವ ಚಿಟ್ಟಿಯನ್ನು ನೋಡಿ ನಾನು ಬೆರಗಾಗಿದ್ದೇನೆ. ವೇಷ ಕಟ್ಟುವ ಅದೇ ಚೌಕಿಯಲ್ಲಿ ಹಿಂದೆ ಮುಖಕ್ಕೆ ಹಚ್ಚುತ್ತಿದ್ದ ಇಂಗಳೀಕ ಪಾದರಸದ ಸಲ್ಫೈಡ್, ಅರದಾಳ ಆರ್ಸೆನಿಕ್ಕಿನದು. ಗಣಿಯಿಂದ ಬಂದ ಆ ಬಣ್ಣಗಳು ಬೆಳಕಿಗೆ, ಬೆವರಿಗೆ ಸುಲಭಕ್ಕೆ ಸೋಲುತ್ತಿರಲಿಲ್ಲ. ಕಲಾವಿದರಿಗೆ ಅವು ಬೇಕಾಗಿದ್ದದ್ದೂ ಅದಕ್ಕೇ.

ಮುಂದೆ ಬಣ್ಣವನ್ನು ಗಣಿಯಿಂದಲ್ಲ, ಪ್ರಯೋಗಾಲಯದಿಂದ ಪಡೆಯುವ ಕಾಲ ಬಂತು. 1856ರಲ್ಲಿ ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಬೇಕಾದ ಕ್ವಿನೈನನ್ನು ಕಲ್ಲಿದ್ದಲಿನ ಡಾಂಬರಿನ ವಸ್ತುಗಳಿಂದ ತಯಾರಿಸಲು ಹೊರಟು, ಬಟ್ಟೆಗೆ ಹಿಡಿಯುವ ಒಂದು ನೇರಳೆ ಬಣ್ಣವನ್ನು ಪಡೆದ. ಅಲ್ಲಿಂದ ಕೃತಕ ಬಣ್ಣಗಳ ಉದ್ಯಮವೇ ಎದ್ದಿತು. ಆ ಬಣ್ಣಗಳಿಂದ ನೇಕಾರರಿಗೆ, ಬಡವರ ಸೀರೆಗೆ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವನ್ನು ಆರಿಸಿದ್ದೇ ಬದಲಾಗಬಾರದು ಎಂಬ ಗುಣಕ್ಕಾಗಿ. ಹತ್ತು ಸಲ ಒಗೆದರೂ, ಬಿಸಿಲಿಗೆ ಹಾಕಿದರೂ, ಬೆವರು ತಾಗಿದರೂ ಬಿಡಬಾರದು. ಬಟ್ಟೆಗೆ ಅದು ಗುಣ. ಅನ್ನಕ್ಕೆ?

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ, ಅಂದರೆ ಮಕ್ಕಳು ಈಗ ಕಾಟನ್ ಕ್ಯಾಂಡಿ ಎನ್ನುವುದಕ್ಕೆ, ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಬಂದಿದ್ದವು, 25 ಮಿಠಾಯಿ ಮಾದರಿಗಳಲ್ಲಿ 15. ಮಿಠಾಯಿಯಲ್ಲಿ ಸಿಕ್ಕವುಗಳಲ್ಲಿ ಒಂದು ರೋಡಮೈನ್-ಬಿ. ಬಟ್ಟೆಗೆ, ಕಾಗದಕ್ಕೆ ಬಳಸುವ, ಬೆಳಕು ಬಿದ್ದಾಗ ಮಿನುಗುವಂತೆ ಕಾಣುವ ಗುಲಾಬಿ ಬಣ್ಣ ಅದು. ನಮ್ಮ ದೇಶದಲ್ಲಿ ಅದನ್ನು ಯಾವ ತಿನಿಸಿಗೂ ಹಾಕುವಂತಿಲ್ಲ. ಕಾನೂನು ಒಪ್ಪಿರುವ ಕೃತಕ ಬಣ್ಣಗಳು ಎಂಟೇ. ಅವೂ ಕೆಲವು ತಿನಿಸುಗಳಿಗೆ, ಮಿತಿಯೊಳಗೆ ಮಾತ್ರ. ಜೂನ್ ತಿಂಗಳಲ್ಲಿ ನಿಷೇಧ ಕಬಾಬ್‌ಗೂ ಬಂತು.

ಗೋಬಿಯ ನಿಷೇಧ ಬಂದ ವಾರ ನಾನು ನಮ್ಮೂರಿನ ಬಸ್‌ನಿಲ್ದಾಣದ ಬಳಿ ಗೋಬಿ ಗಾಡಿ ಇಟ್ಟಿರುವ ಹುಡುಗನೊಬ್ಬನನ್ನು ಮಾತಾಡಿಸಿದೆ. ನಾನು ಪಾಠ ಹೇಳಿದ ಹುಡುಗಿಯ ತಮ್ಮ. ಬಣ್ಣದ ಪೊಟ್ಟಣವನ್ನು ಅವನು ಎಸೆದಿದ್ದ. ಬದಲಿಗೆ ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ಅರೆದು ಹಾಕುತ್ತಿದ್ದ. ರುಚಿ ನಿಜಕ್ಕೂ ಚೆನ್ನಾಗಿತ್ತು.

“ಮೇಡಂ, ಖರ್ಚು ಜಾಸ್ತಿ ಆಯ್ತು, ಪರವಾಗಿಲ್ಲ. ಆದ್ರೆ ಜನ ತಟ್ಟೆ ನೋಡಿ, ಏನಪ್ಪಾ ಇವತ್ತು ಗೋಬಿ ಬೆಳ್ಳಗಿದೆ, ಖಾರ ಇಲ್ವಾ ಅಂತಾರೆ. ಪಕ್ಕದ ಗಾಡಿಗೆ ಹೋಗ್ತಾರೆ.”

ಅವನ ಗೋಬಿ ಬೆಳ್ಳಗಿರಲಿಲ್ಲ. ಮೆಣಸಿನಕಾಯಿ ಕಾದೆಣ್ಣೆಗೆ ಬಿದ್ದಾಗ ಬರುವ ಇಟ್ಟಿಗೆಗೆಂಪು ಇತ್ತು. ಅದನ್ನು ಕೆಂಪು ಎಂದು ಗುರುತಿಸುವ ಕಣ್ಣನ್ನು ನಾವು ಕಳೆದುಕೊಂಡಿದ್ದೆವು. ಆ ಹುಡುಗನ ಮೇಲೆ ಅಧಿಕಾರಿ ಹಾಕುವ ದಂಡಕ್ಕಿಂತ ಗಿರಾಕಿಯ ಆ ಒಂದು ಮಾತು ದೊಡ್ಡದು. ಕಾನೂನು ಬೇಕು, ಪರೀಕ್ಷೆ ಬೇಕು, ಅದರ ಜೊತೆಗೆ ತಿನ್ನುವವರ ಕಣ್ಣು ತಿದ್ದಿಕೊಳ್ಳಬೇಕು ಎಂದು ನಾನು ಹಟ ಹಿಡಿದು ಹೇಳುವುದು ಅದಕ್ಕೇ.

ಇದು ಗಾಡಿಯವರ ಕಥೆ ಮಾತ್ರವೂ ಅಲ್ಲ. ಬಾಂಗ್ಲಾದೇಶದಲ್ಲಿ ಅರಿಶಿನದ ಕೊಂಬಿಗೆ ಸೀಸದ ಕ್ರೋಮೇಟ್ ಸವರಿ ಹೊಳೆಯಿಸುವ ಪದ್ಧತಿ ಬೆಳೆದಿತ್ತು. ಮಂಕು ಕೊಂಬನ್ನು ಕೊಳ್ಳುವವರು ಕೇಳಲಿಲ್ಲ, ವ್ಯಾಪಾರಿಗಳು ಹೊಳಪು ಕೊಟ್ಟರು. ಸೀಸ ಮಕ್ಕಳ ಮೆದುಳಿಗೆ ವಿಷ. 2019ರಲ್ಲಿ ಸಂಶೋಧಕರು ಇದನ್ನು ಪ್ರಕಟಿಸಿದಾಗ ಅಲ್ಲಿನ ಸರ್ಕಾರ ಪತ್ರಿಕೆಗಳಲ್ಲಿ ಎಚ್ಚರಿಸಿತು, ಮಾರುಕಟ್ಟೆಗಳ ಮೇಲೆ ದಾಳಿ ಮಾಡಿಸಿತು, ವ್ಯಾಪಾರಿಗಳಿಗೆ ತಿಳಿಹೇಳಿತು. ಮಾರುಕಟ್ಟೆಯ ಅರಿಶಿನದಲ್ಲಿ ನೂರಕ್ಕೆ 47ರಷ್ಟಿದ್ದ ಕಲಬೆರಕೆ ಮಾದರಿಗಳು 2021ರ ಹೊತ್ತಿಗೆ ಸೊನ್ನೆಗೆ ಇಳಿದವು. ಎರಡೇ ವರ್ಷ! ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಧೈರ್ಯ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮ ದೇಶದಿಂದ ಹೋದ ಖಾರದ ಪುಡಿಯೂ ಒಮ್ಮೆ ಸುದ್ದಿಯಾಗಿತ್ತು. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ವಾಪಸು ತೆಗೆಸಬೇಕಾಯಿತು. ಕಾರಣ, ಅವುಗಳಿಗೆ ಸೇರಿದ್ದ ಖಾರದ ಪುಡಿಯಲ್ಲಿ ಸೂಡಾನ್-1 ಎಂಬ ಬಣ್ಣ. ಅದು ಎಣ್ಣೆ, ಮೇಣ, ಶೂ ಪಾಲಿಶ್‌ಗಳಿಗೆ ಹಾಕುವಂಥದು. ಹಳತಾದ ಪುಡಿಗೆ ಅದನ್ನು ಬೆರೆಸಿದರೆ ಅದು ಹೊಸದರಂತೆ ಕಾಣುತ್ತದೆ. ಕ್ಯಾಪ್ಸಾಂಥಿನ್ ಕೊಟ್ಟ ಸಾಕ್ಷಿಯನ್ನು ಅಳಿಸಿಹಾಕುವುದೆಂದರೆ ಇದೇ.

ಮನೆಯಲ್ಲೇ ಏನಾದರೂ ನೋಡಬಹುದೇ ಎಂದು ಕೇಳುತ್ತೀರಿ. ಸ್ವಲ್ಪಮಟ್ಟಿಗೆ ನೋಡಬಹುದು. ಗಾಜಿನ ಲೋಟದ ನೀರಿಗೆ ಒಂದು ಚಮಚ ಅರಿಶಿನ ಹಾಕಿ ಬಿಡಿ. ಶುದ್ಧ ಪುಡಿ ತಳಕ್ಕೆ ಇಳಿದು ನೀರು ತೆಳು ಹಳದಿಯಾಗಿ ಉಳಿಯುತ್ತದೆ, ಏಕೆಂದರೆ ಕರ್ಕ್ಯುಮಿನ್ ನೀರಿಗೆ ಬಿಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ನೀರೂ ಗಾಢ ಹಳದಿಯಾದರೆ ಅನುಮಾನ ಪಡಿ. ಖಾರದ ಪುಡಿಯನ್ನು ನೀರಿನ ಮೇಲೆ ಉದುರಿಸಿದಾಗ ಕೆಂಪು ಗೆರೆಗಳು ಕೆಳಕ್ಕೆ ಇಳಿದರೂ ಹಾಗೆಯೇ. ಆದರೆ ಸೂಡಾನ್ ನೀರಿಗೆ ಬಿಡುವುದಿಲ್ಲ, ಈ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ. ಸೀಸ ಕಣ್ಣಿಗೆ ಕಾಣುವುದಿಲ್ಲ. ಅವಕ್ಕೆ ಪ್ರಯೋಗಾಲಯವೇ ಬೇಕು, ಪ್ರತಿ ಜಿಲ್ಲೆಯಲ್ಲೂ ಬೇಕು, ಸಾಮಾನ್ಯರು ಪುಡಿಯ ಪೊಟ್ಟಣ ಹಿಡಿದು ಒಳಗೆ ಹೋಗುವಂತಿರಬೇಕು.

ವೇದಿಕೆಯ ಪಕ್ಕದ ಮೇಜಿನ ಮೇಲೆ ಹುಡುಗಿಯರು ಎಂಟು ಗಾಜಿನ ಲೋಟಗಳನ್ನು ಜೋಡಿಸಿದ್ದಾರೆ. ಕೊನೆಯ ಬಿ.ಎಸ್ಸಿ.ಯವರು, ನಿನ್ನೆ ಸಂಜೆಯಿಂದ ಇದೇ ಕೆಲಸದಲ್ಲಿದ್ದಾರೆ. ನಾಲ್ಕರಲ್ಲಿ ಊರಿನ ನಾಲ್ಕು ಕಡೆ ಕೊಂಡ ಅರಿಶಿನವಿದೆ, ಯಾವ ಅಂಗಡಿಯದೆಂದು ಬರೆದಿಲ್ಲ, ಅದು ಇವತ್ತಿನ ವಿಷಯವಲ್ಲ. ಮೂರು ಲೋಟಗಳಲ್ಲಿ ಬರೀ ನೀರಿದೆ. ಮನೆಯಿಂದ ಪುಡಿ ತನ್ನಿ ಎಂದು ಆಮಂತ್ರಣದಲ್ಲಿ ಬರೆಸಿದ್ದೆ, ತಂದವರು ದಯವಿಟ್ಟು ಮುಂದೆ ಬನ್ನಿ. ಎಂಟನೆಯದು ಓಕುಳಿಗೆ. ಪಕ್ಕದಲ್ಲಿ ಸುಣ್ಣದ ಡಬ್ಬಿಯಿದೆ. ದತ್ತಿ ಇಟ್ಟವರ ಮೊಮ್ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಾಳೆ, ಏಳು ವರ್ಷವಂತೆ. ಸುಣ್ಣ ಕದಡುವ ಕೆಲಸ ಅವಳದು. ಬಾ ಮಗು, ಬೆರಳ ತುದಿಯಷ್ಟೇ ಸಾಕು.